ಎಂಬತ್ತೈದು ಗ್ರಾಂ

ಗಲ್ಲೆಯ ಮೇಲೆ ಬಾಟ್ಲಿ ಕುಟ್ಟಿದ ಸದ್ದಿಗೆ
ಲೆಕ್ಕದ ಪುಸ್ತಕದಿಂದ ತಲೆಯೆತ್ತಿದೆ.
ವಾರಿಜಕ್ಕ. ಬೆಂಗ್ರೆಯಿಂದ ಫೆರಿ ದಾಟಿ ಬರುವವರು,
ಮೀನು ಮಾರ್ಕೆಟ್ಟಿನ ಎರಡನೇ ಕಟ್ಟೆ.
ಸೆರಗಿನ ಅಂಚಿಗೆ ಇನ್ನೂ ಎರಡು ಹುರುಪೆ.

"ನಿನ್ನೆ ಒಂದು ಲೀಟರ್ ಅಂತ ಕೊಟ್ಟೆಯಲ್ಲ ಮಾರಾಯ,
ನನ್ನ ತಕ್ಕಡಿಯಲ್ಲಿ ಇಟ್ಟು ನೋಡಿದೆ.
ಖಾಲಿ ಬಾಟ್ಲಿ ಐವತ್ತೆರಡು, ಅದನ್ನು ಕಳೆದೇ ಹೇಳ್ತೇನೆ.
ಒಂಬೈನೂರ ಹದಿನೈದು.
ಉಳಿದ ಎಂಬತ್ತೈದು ಗ್ರಾಂ ಎಲ್ಲುಂಟು?"

ಕೊಬ್ಬರಿ ಚೀಲ ಇಳಿಸುತ್ತಿದ್ದ ಇಸುಬು
ಚೀಲವನ್ನು ಹೆಗಲಲ್ಲೇ ಇಟ್ಟುಕೊಂಡು ನಿಂತ.
ನೆಲ್ಲಿಕಾಯಿ ರಸ್ತೆಯ ಇಬ್ಬರು ರಿಕ್ಷಾದವರು
ಚಾ ಗ್ಲಾಸು ಹಿಡಿದು ಈ ಕಡೆ ತಿರುಗಿದರು.

ಅಜ್ಜನ ಕಾಲದಲ್ಲಿ ಈ ಪಂಚಾತಿಕೆ ಇರಲಿಲ್ಲ.
ಕಂಚಿನ ಕುಡ್ತೆ, ತುಟಿಯವರೆಗೆ ಎಣ್ಣೆ,
ಮೇಲೊಂದು ಕೊಸರು. ಮುಗಿಯಿತು.
ನಾನೋ, ಪಿಯುಸಿಯಲ್ಲಿ ಸಾಂದ್ರತೆಯ ಪಾಠಕ್ಕೆ
ಎರಡು ಸಲ ಬಿದ್ದು ಗಾಣಕ್ಕೆ ಬಂದವನು.
ಬಂದ ಮೇಲೆ ತಿಳಿಯಿತು, ಆ ಪಾಠ
ನನಗಿಂತ ಮೊದಲೇ ಇಲ್ಲಿ ಬಂದು ಕೂತಿದೆ:
ಹದಿನೈದು ಕಿಲೋ ಡಬ್ಬದಲ್ಲಿ ಹದಿನಾರು ಚಿಲ್ಲರೆ ಲೀಟರ್;
ಡಿಸೆಂಬರಿನ ಬೆಳಗ್ಗೆ ಎಣ್ಣೆ ಹೆಪ್ಪಾದರೆ
ಲೀಟರು ಬಾಯಿ ಮುಚ್ಚುತ್ತದೆ, ಕಿಲೋ ಒಂದೇ ಮಾತಾಡುತ್ತದೆ.

ಖಾಲಿ ಬಾಟ್ಲಿ ತಕ್ಕಡಿಗಿಟ್ಟು ಸೊನ್ನೆಗೆ ತಂದೆ.
ಅದರಲ್ಲೇ ನಲ್ಲಿ ನೀರು, ಗೆರೆಯವರೆಗೆ.
ಒಂಬೈನೂರ ತೊಂಬತ್ತಾರು.
"ನೀರಿಗೂ ನಾಲ್ಕು ಗ್ರಾಂ ಹೊಡೆದೆಯಾ?"
ರಿಕ್ಷಾದವರು ನಕ್ಕರು. ನಾನೂ ನಕ್ಕೆ.
"ಸೆಖೆಗೆ ನೀರೂ ಚೂರು ಹಗುರ, ಅಕ್ಕ.
ಎಣ್ಣೆ ಇನ್ನೂ ಹಗುರ. ಅದಕ್ಕೇ ಸಾರಿನ ಮೇಲೆ ತೇಲುವುದು."

ನೀರಿನ ಬಾಟ್ಲಿ ಇಳಿಸಿ ಅವರದ್ದನ್ನು ಇಟ್ಟೆ.
ಒಂಬೈನೂರ ಹದಿನೈದು. ಎಣ್ಣೆ ಗೆರೆಗೆ ಸರಿಯಾಗಿತ್ತು.
ಬಗ್ಗಿ ಗೆರೆ ನೋಡಿದರು. ಅಂಕೆ ನೋಡಿದರು.
"ತೇಲುವುದನ್ನು ದಿನಾ ನೋಡ್ತೇನೆ," ಎಂದರು ಮೆಲ್ಲಗೆ,
"ತೇಲುವುದಕ್ಕೂ ಒಂದು ಲೆಕ್ಕ ಉಂಟಂತ ಗೊತ್ತಿರಲಿಲ್ಲ."

ಗೆದ್ದೆ ಅಂದುಕೊಂಡೆ. ಇಸುಬು ಚೀಲ ಇಳಿಸಿದ.

ಆಗ ಅವರ ಕಣ್ಣು ನನ್ನ ತಲೆಯ ಮೇಲಿನ ಹಲಗೆಗೆ ಹೋಯಿತು.
ಶುದ್ಧ ತೆಂಗಿನೆಣ್ಣೆ. ಕಿಲೋಗೆ ೪೦೦. ಲೀಟರಿಗೆ ೩೭೦.
ಬೆರಳು ಮಡಚಲಿಲ್ಲ, ತುಟಿ ಅಲ್ಲಾಡಲಿಲ್ಲ.
"ಒಂಬೈನೂರಕ್ಕೆ ಮುನ್ನೂರರವತ್ತು. ಹದಿನೈದಕ್ಕೆ ಆರು.
ನಾಲ್ಕು ರೂಪಾಯಿ ಎಂಥದ್ದು?"

ಚಿಲ್ಲರೆಯ ತಾಪತ್ರಯ ಎನ್ನಬಹುದಿತ್ತು.
ಬಾಟ್ಲಿಯ ಕ್ರಯ ಎನ್ನಬಹುದಿತ್ತು,
ಆದರೆ ಬಾಟ್ಲಿ ಅವರದ್ದೇ.
ದಿನಕ್ಕೆ ನಲವತ್ತು ಲೀಟರ್ ಹೋಗುತ್ತದೆ ಈ ಗಲ್ಲೆಯಿಂದ;
ನಲವತ್ತನ್ನು ನಾಲ್ಕರಿಂದ ಗುಣಿಸುವ ಕೆಲಸಕ್ಕೆ
ನಾನು ಇಷ್ಟು ವರ್ಷ ಕೈ ಹಾಕಿರಲಿಲ್ಲ.
ಗುಣಾಕಾರ ಕಷ್ಟವೆಂದಲ್ಲ.

"ದುಡ್ಡು ಬೇಡ, ಎಣ್ಣೆ ಹಾಕು," ಎಂದರು.
ನಾಲ್ಕು ರೂಪಾಯಿಗೆ ಹತ್ತು ಗ್ರಾಂ.
ಹನಿ ಹನಿಯಾಗಿ ಬಿಟ್ಟೆ: ಹದಿನೇಳು, ಇಪ್ಪತ್ತೊಂದು,
ಒಂಬೈನೂರ ಇಪ್ಪತ್ತೈದು.
"ಕೊಸರು ಸಿಕ್ಕಿತಲ್ಲ ಅಕ್ಕ," ಎಂದ ರಿಕ್ಷಾದವನೊಬ್ಬ.
"ಕೊಸರಲ್ಲ ಮಗಾ, ಬಾಕಿ."

ಬಾಟ್ಲಿಯ ಕುತ್ತಿಗೆಗೆ ಒಂದು ಹನಿ ಇಳಿದಿತ್ತು.
ಅದನ್ನು ಬೆರಳಲ್ಲಿ ಬಳಿದು
ಐಸು ಕಚ್ಚಿ ಬಿರಿದ ಗೆಣ್ಣುಗಳಿಗೆ ತಿಕ್ಕಿಕೊಂಡರು,
ಒಂದೊಂದಕ್ಕೇ, ಅವಸರವಿಲ್ಲದೆ.
ಅದು ಯಾರ ಲೆಕ್ಕದ್ದೆಂದು ನಾನು ಕೇಳಲಿಲ್ಲ,
ಅವರೂ ಹೇಳಲಿಲ್ಲ.

ಬಾಟ್ಲಿ ಕಂಕುಳಲ್ಲಿಟ್ಟು ಧಕ್ಕೆಯ ಕಡೆ ಹೊರಟರು.
ತಕ್ಕಡಿಯಲ್ಲಿ ಕೆಂಪು ಅಂಕೆ ಉರಿಯುತ್ತಿತ್ತು,
ಮೈನಸ್ ಐವತ್ತೆರಡು.
ಮುಂದಿನ ಗಿರಾಕಿ ಬರುವವರೆಗೆ
ಅದನ್ನು ಸೊನ್ನೆಗೆ ತರಲಿಲ್ಲ.
ಇಸುಬುವಿನ ಹತ್ತಿರ ಸೀಮೆಸುಣ್ಣ ಉಂಟಾ ಎಂದು ಕೇಳಿದೆ.