ತಲಿ ಎತ್ತರದ ಕಲೆ

ಬೀದರದಾಗ, ಚೌಬಾರಾದ ಹಿಂದಿನ ಗಲ್ಲಿಯಾಗ
ವೈಜಿನಾಥ ಸೇಠರ ಚಾದಂಗಡಿ.
ಮೂರು ವರ್ಷದ ಹಿಂದ ಅಲ್ಲಿ ಗೋಡಿಗಿ ಕಾಗದ ಹಚ್ಚಿದಾಂವ ನಾನೇ.
ಹಸರು ಬಳ್ಳಿ, ಬಂಗಾರದ ಮೊಗ್ಗಿ.
ಎರಡು ಹಾಳಿ ಕೂಡೋ ಜಾಗಾ ಉಗುರು ಹಾಕಿದ್ರೂ ಸಿಗಬಾರದು,
ಬಳ್ಳಿಗಿ ಬಳ್ಳಿ, ಎಲಿಗಿ ಎಲಿ.
ಆ ರಾತ್ರಿ ಹೆಂಡತೀನ ಕರಕೊಂಡು ಬಂದು ತೋರಿಸಿದ್ದೆ.

ಈಗ ಸೇಠರು ಅಂತಾರ, "ಘಾಳೆಪ್ಪ, ಇದನ್ನ ಹಳೇದು ಮಾಡು."
"ಕಿತ್ತು ಹೊಸಾದು ಹಚ್ಚಲೇನ್ರಿ?"
"ಕೀಳಬ್ಯಾಡ. ಇದನ್ನೇ ಹಳೇದು ಮಾಡು.
ಕ್ವಾಟಿ ನೋಡಿದ ಮಂದಿ ಇಲ್ಲಿ ಚಾ ಕುಡೀಲಕ ಬರ್ತಾರ,
ನೂರು ವರ್ಷದ ಅಂಗಡಿ ಅನ್ನಿಸಬೇಕು."
ಅಂಗಡಿಗಿ ಹೋದ ಶ್ರಾವಣಕ್ಕ ಮೂರು ತುಂಬ್ಯಾವ.

ಮೊದಲ ಬಾಗಿಲದ ಹಿಂದ ಒಂದು ಮೂಲಿ ಹಿಡದು ನೋಡಿದೆ.
ಚಾಪುಡಿ ಕುದಿಸಿ, ಹಳೆ ಧೋತರದಾಗ ಸೋಸಿ,
ಸ್ಪಂಜು ಅದ್ದಿ ಹಿಂಡಿ. ಹಿಂಡೋದ್ರಾಗ ಅದ ಎಲ್ಲಾ,
ನೀರು ಹೆಚ್ಚಾದ್ರ ಕಾಗದ ಉಬ್ಬತದ ಸತ್ತ ಮೀನದ ಹೊಟ್ಟಿಹಂಗ.
ನಡು ತಿಳಿ, ಮೂಲಿ ಗಟ್ಟಿ.
ಬಂಗಾರದ ಮೊಗ್ಗಿ ಮ್ಯಾಲ ರೇಗಮಾಲ್ ಹಗೂರಕ ತಿಕ್ಕಿದೆ,
ಹೊಳಪು ಉದುರಿ ಕೈಗಿ ಬಂತು.
ನಾನೇ ಕೂಡಿಸಿದ ಅಂಚು ಬ್ಲೇಡಿಲೆ ಎತ್ತಿ
ಸುರುಳಿ ಆಗಲಿ ಅಂತ ಹಸಿ ಬೆರಳು ಎಳದೆ.

ಎದುರಿನ ಅಂಗಡಿ, ಬಿದ್ರಿ ಕೆಲಸದ ಜಲಾಲ್ ಚಾಚಾ ಬಂದು ನಿಂತ.
ಲೋಹ ಕರ್ರಗಾಗಲಕ ಕ್ವಾಟಿ ಒಳಗಿನ ಮಣ್ಣೇ ಬೇಕು ಅವನಿಗಿ,
ಮಳಿ ಬಿಸಲು ಕಾಣದ ಮಣ್ಣು,
ನಾಲಿಗಿ ಮ್ಯಾಲ ಇಟ್ಟು ನೋಡಿ ತರ್ತಾನ.
ನನ್ನ ಬಕೀಟಿನಾಗ ಬೆರಳು ಅದ್ದಿ ನೆಕ್ಕಿದ.
"ಸಕ್ಕರಿ ಕಮ್ಮಿ ಅದ" ಅಂದ.

ಬಣ್ಣ ಬಂತು. ವಯಸ್ಸು ಬರವಲ್ದು.
ಗೋಡಿ ಕಾಮಾಲಿ ಆದವರ ಮಾರಿಹಂಗ ಹಳದಿ, ಅಷ್ಟೇ.
ಗೋಡಿ ತಾನಾಗೇ ಮುದುಕ ಆಗಂಗಿಲ್ಲ,
ಮಂದಿ ಮಾಡಬೇಕು.
ಹಂಗಂತ ಮಂದೀನ ಹುಟ್ಟಿಸಿದೆ.
ಸ್ವಿಚ್ಚಿನ ಸುತ್ತ ಬೆವರಗೈ ಮುನೀಮ,
ಬಾಗಿಲದ ಬಾಜೂಕ ಹಾಲಿನ ಕ್ಯಾನು ಒರಗಿಸೋ ಹುಡುಗ,
ಒಂದು ಕಡಿ ಬರೇ ಕ್ಯಾಲೆಂಡರ್ ತೂಗಿದ್ದ ಜಾಗಾ,
ಚಾ ತಾಕಿಸದೇ ಚೌಕ ಬಿಟ್ಟೆ.
ಮೊಳಿ ಹೊಡದ ತೂತು ಮಾತ್ರ ಖರೇದು.

ಇನ್ನ ತಲಿ ಎಣ್ಣಿ ಕಲೆ.
ಅದಕ್ಕೊಂದು ಎತ್ತರ ಬೇಕು. ಯಾರ ಎತ್ತರ?

ನೌಬಾದದಾಗ ಬಾಡಿಗಿ ಮನಿ, ಒಂದೇ ಖೋಲಿ.
ಅವ್ವ ಮಿಲ್ಲಿನ ತೊಗರಿಬ್ಯಾಳಿ ಹಸನ ಮಾಡ್ಕೋತ
ಒಂದೇ ಗೋಡಿಗಿ ಒರಗತಿದ್ದಳು,
ಕುಸಬಿ ಎಣ್ಣಿ ತಲಿ, ಒಂಬತ್ತು ವರ್ಷ.
ಮನಿ ಬಿಡೋ ದಿನ ಮಾಲಕ ಆ ಕಲೆ ಮ್ಯಾಲ ಬೆರಳಿಟ್ಟು
ಮುಂಗಡದಾಗ ನಲವತ್ತು ರೂಪಾಯಿ ಹಿಡಕೊಂಡ,
ಸುಣ್ಣದ ಖರ್ಚಂತ.
ಅವ್ವ ಸೆರಗಿಲೆ ಒರಸಿದಳು,
ಇನ್ನಷ್ಟು ಹರವಿತು.

ಗಾಣದ ಓಣಿಯಿಂದ ಕುಸಬಿ ಎಣ್ಣಿ ತಂದೆ.
ನೆಲಕ್ಕ ಕುಂತು, ಗೋಡಿಗಿ ಬೆನ್ನು ಕೊಟ್ಟು,
ನನ್ನ ಕಿವಿ ಮಟ್ಟಕ್ಕ ಅಳತಿ ಹಿಡದೆ,
ಅವ್ವ ನನಗಿಂತ ಅಷ್ಟೇ ಗಿಡ್ಡ ಇದ್ದಳು.
ಬೆರಳಿಲೆ ಹಚ್ಚಿ ಅಂಗೈಲೆ ಮಸಕು ಮಾಡಿದೆ.
ಚಾ ಕುಡಿದದ್ದಕ್ಕಿಂತ ಲಗೂ ಕುಡೀತು ಕಾಗದ.

ಸೇಠರು ನಾಲ್ಕು ಸಾವಿರ ಎಣಿಸಿ ಕೊಟ್ಟರು.
ಮಂದಿ ಗೋಡಿ ಮುಂದ ನಿಂತು ಫೋಟೋ ಹೊಡಕೊಂಡರು.

ಎಂಟು ದಿನಕ್ಕ ಫೋನು.
"ಘಾಳೆಪ್ಪ, ಸ್ಪಂಜು ತಗೊಂಡು ಬಾ.
ನೀ ಮಾಡಿದ್ದೆಲ್ಲಾ ಛಂದ ಅದ.
ಯಾರೋ ನೆಲಕ್ಕ ಕುಂತು ತಲಿ ಒರಗಸ್ಯಾರ,
ಇದೊಂದು ಖರೇ ಹೊಲಸು."

ಬೆರಳಿಟ್ಟು ತೋರಿಸಿದರು.
ನಾ ಏನೂ ಅನ್ನಲಿಲ್ಲ. ಕುಂತೆ.
ಸ್ಪಂಜು ಅದ್ದಿದೆ, ಹಿಂಡಿದೆ,
ಮತ್ತ ಅದ್ದಿದೆ.
ಬಾಗಿಲದಾಗ ಜಲಾಲ್ ಚಾಚಾ ನಿಂತು ನೋಡ್ಲಕತ್ತಿದ್ದ.

"ಎಣ್ಣಿ ನೀರಿಗಿ ಎಲ್ಲಿ ಹೋಗತದ್ರಿ" ಅಂದೆ,
"ಆ ಬೆಂಚು ಇತ್ತ ಸರಸ್ರಿ."