ಅರ್ಧ ಮೂಟೆ

ಸೊಹಾರಿನಲ್ಲಿ ಒಂಬತ್ತು ಬೇಸಿಗೆ ನಾನು
ಗಾಜಿನ ಉಣ್ಣೆ ಹೊತ್ತವನು.
ಹಳದಿ, ನೋಡಲು ಮೆತ್ತಗೆ; ಮುಟ್ಟಿದರೆ
ಮೊಣಕೈ ಮಡಿಕೆಯಲ್ಲಿ ರಾತ್ರಿಯಿಡೀ ಸೂಜಿ.
ಜೂನಿನಲ್ಲಿ ತಣ್ಣೀರೆಂಬುದೇ ಇಲ್ಲ ಇಲ್ಲಿ,
ಟಾಂಕಿಯ ನೀರೇ ಕುದಿ. ಕೆರೆದುಕೊಂಡೇ ನಿದ್ದೆ.

ಈ ಸಲ ಬಂದದ್ದು ಕಾಗದ.
ಹಳೆಯ ಪೇಪರು ಅರೆದು ಹಿಂಜಿದ ಬೂದು ಅರಳೆ.
ಪೈಪು ಹಿಡಿದು ಇದ್ದಿನಬ್ಬ ಊದುತ್ತಾನೆ,
ಸಲ್ಮಾ ಬಿಂತ್ ಖಲ್ಫಾನರ ಅಟ್ಟದ ಸಂದುಗೊಂದು ತುಂಬುತ್ತದೆ:
ವಯರಿನ ಹಿಂದೆ, ತೊಲೆಯ ಬೆನ್ನಿಗೆ,
ಥರ್ಮಾಕೋಲಿನ ಹಲಗೆ ಎಂದೂ ತಲುಪದ ಕಡೆಗೆ.
ಮಾಸ್ಕಂತೂ ಬೇಕು; ದೂಳು ದೂಳೇ.
ಅಂಗಿಗಂಟಿದ ಚೂರಿನಲ್ಲಿ ಅರಬ್ಬಿಯ ಎರಡು ಚುಕ್ಕೆ.
ಅಕ್ಷರ ಅಟ್ಟಕ್ಕೆ ಹೋಗಿದೆ.

"ಕಾಗದವೇ? ಕಿಡಿ ಬಿದ್ದರೆ?" ಮುದುಕಿಯ ಹುಬ್ಬು ಮೇಲೆ.
ಒಂದು ಹಿಡಿ ಇಟ್ಟಿಗೆಯ ಮೇಲಿಟ್ಟು
ಇದ್ದಿನಬ್ಬ ಲೈಟರು ಹಿಡಿದ.
ಕಪ್ಪಾಯಿತು, ಮುನಿಸಿಕೊಂಡಿತು, ಆರಿತು.
"ಕೇರಂ ಬೋರ್ಡಿಗೆ ಉದುರಿಸುತ್ತಾರಲ್ಲ ಉಮ್ಮಾ,
ಆ ಪುಡಿಯ ಪೈಕಿಯದು ಬೆರೆಸಿದ್ದಾರೆ. ಗೆದ್ದಲಿಗೂ ಅದೇ ಮದ್ದು."

ನಾಲ್ಕನೆಯ ದಿನ ಬಿಲ್ಲು ಕೊಡಲು ಹೋದರೆ
ಆಕೆ ಬೆರಳೆತ್ತಿದರು: ಕೇಳು.
ಏನೂ ಕೇಳಲಿಲ್ಲ.
ನಟ್ಟನಡು ಮಧ್ಯಾಹ್ನ, ಹೊರಗೆ ನಲವತ್ತಾರು,
ಏಸಿ ಬಾಯಿ ಮುಚ್ಚಿ ಕೂತಿತ್ತು.
ಹೆದ್ದಾರಿಯ ಟ್ರೈಲರುಗಳು ಕೂಡ
ಚಪ್ಪಲಿ ಕಳಚಿ ನಡೆದ ಹಾಗೆ.
ಕಹ್ವಾ ಸುರಿವ ಸದ್ದು ಮಾತ್ರ, ಸಣ್ಣಗೆ.

ನಮ್ಮ ಕ್ಯಾಂಪಿನ ಮಾಡಿನಲ್ಲಿ
ತಗಡಿಗೂ ಪ್ಲೈವುಡ್ಡಿಗೂ ನಡುವೆ
ನಾಲ್ಕು ಬೆರಳು ಬರೀ ಬಿಸಿ.
ವ್ಯಾನಿನಲ್ಲಿ ಅರ್ಧ ಮೂಟೆ ಉಳಿದಿದೆ.
ಫೋರ್‌ಮನ್ ಇನ್ನೂ ಲೆಕ್ಕ ಕೇಳಿಲ್ಲ.
ಇದ್ದಿನಬ್ಬ
ಏಣಿ ತಂದಿದ್ದಾನೆ.