ಕಾರಣಾಂತರಗಳಿಂದ

ಹವಾಲ್ದಾರ ಪರಸಪ್ಪ,
ಇನ್ನೂ ಕೆಲವು ವಾರ ನೀನು
ಆ ಹೊಳೆದಂಡೆಯ ಕೆಸರಲ್ಲೇ ಬೋರಲು ಮಲಗಿರಬೇಕು.
ಎಡಗಾಲು ಮರಗಟ್ಟಿದೆ, ಬಲ್ಲೆ. ನಾನೇ ಬರೆದದ್ದು.
ಬಾಟಲಿಯಲ್ಲಿ ಮೂರು ಗುಟುಕು ಉಳಿದಿದೆ, ಅದೂ ನನ್ನದೇ ಲೆಕ್ಕ.
ಕುಡಿಯಬೇಡ.
ಕುಡಿದರೂ ಈಗ ನನಗೆ ತಿಳಿಯುವುದಿಲ್ಲ.

ಹುಬ್ಬಳ್ಳಿಯಿಂದ ಹೊಸಮನಿಯವರು ಫೋನು ಮಾಡಿದ್ದರು.
ಮೂವತ್ತೊಂದು ವಾರ ತಪ್ಪದ ಬಂದದ್ದು,
ಮಂದಿ ಬೈತಾರ್ರೀ, ಕಾರಣ ಏನಂತ ಹಾಕ್ಲಿ?
ನಾನು ಸುಮ್ಮನಿದ್ದೆ. ಅವರೇ ಹಾಕಿದರು,
ಪುಟದ ಕೆಳಗೆ, ಚೌಕಟ್ಟಿನೊಳಗೆ, ಎಂದಿನ ಮಾತು:
ಕಾರಣಾಂತರಗಳಿಂದ ಈ ವಾರ ಧಾರಾವಾಹಿ ಇರುವುದಿಲ್ಲ.

ಇಲ್ಲಿ ಫುಜೈರಾದಲ್ಲಿ ಜುಲೈ.
ಹನ್ನೆರಡೂವರೆಗೆ ಸೈರನ್ ಕೂಗಿದರೆ ಮೂರರವರೆಗೆ
ಬಿಸಿಲಲ್ಲಿ ಯಾರೂ ದುಡಿಯುವಂತಿಲ್ಲ, ಕಾನೂನು.
ಆ ಎರಡೂವರೆ ತಾಸಿನಲ್ಲೇ ನಾನು ಯುದ್ಧ ಮಾಡುತ್ತಿದ್ದೆ,
ಪೈಪುಗಳ ಗೋದಾಮಿನ ಹಿಂದೆ ರಟ್ಟು ಹಾಸಿ,
ಸ್ಟಾಕು ಪಟ್ಟಿಯ ಬೆನ್ನ ಮೇಲೆ.
ಈಚೆ ಬದಿ, ಗೇಟ್ ವಾಲ್ವು ನಲವತ್ತು, ಆರಿಂಚಿನವು;
ತಿರುವಿದರೆ ಸೇತುವೆ ಉರಿಯುತ್ತಿದೆ.

ನಾನು ಗುಂಡಿನ ಸದ್ದು ಕೇಳಿದವನಲ್ಲ.
ಗದಗಿನ ಮದುವೆಗಳ ಗರ್ನಾಲು, ಅಷ್ಟೇ.
ಅದಕ್ಕೇ ಇದ್ರಿಸನನ್ನು ಕೇಳುತ್ತಿದ್ದೆ,
ಫೋರ್ಕ್‌ಲಿಫ್ಟ್ ಓಡಿಸುವವನು, ಒಮ್ದುರ್ಮಾನಿನವನು.
ಮೊದಲು ಸದ್ದೋ, ಬೆಳಕೋ?
ಗೋಡೆ ಬಿದ್ದ ಮೇಲೆ ಧೂಳು ಎಷ್ಟು ಹೊತ್ತು ನಿಲ್ಲುತ್ತದೆ?
ಅವನ ಹಿಂದಿ, ನನ್ನ ಅರಬ್ಬಿ, ಸಾಲದ್ದಕ್ಕೆ ಕೈಸನ್ನೆ.
ಒಂದನ್ನೂ ಬಿಡದೆ ಉತ್ತರ ಕೊಟ್ಟ,
ಬಿಡಿಭಾಗದ ನಂಬರು ಓದಿ ಹೇಳುವಷ್ಟು ಸಾವಧಾನವಾಗಿ.

ಒಮ್ಮೆ ಹೇಳಿದ, ನೀಲಿ ಡ್ರಮ್ಮಿನ ಸಂಗತಿ.
ಅಂಗಳದಲ್ಲಿ ನೀರಿನ ಡ್ರಮ್ಮು, ಚೂರು ಬಡಿದು ತೂತು;
ಒಬ್ಬ ಹುಡುಗಿ ಅದಕ್ಕೆ ಹೆಬ್ಬೆರಳು ಒತ್ತಿ,
ತಾಯಿ ಸಾಬೂನು ಹುಡುಕಿ ತರುವವರೆಗೆ
ನಿಂತೇ ಇದ್ದಳಂತೆ.
ಇಪ್ಪತ್ತೇಳನೆಯ ಕಂತಿಗೆ ಅದನ್ನು ಎತ್ತಿಕೊಂಡೆ.
ಹುಡುಗಿಗೆ ಲಂಗ ತೊಡಿಸಿದೆ, ನೀಲವ್ವ ಎಂದು ಹೆಸರಿಟ್ಟೆ,
ತಾಯಿ ಬರುವಷ್ಟರಲ್ಲಿ ಕೊಂದೆ.
ಕಂತು ಎಲ್ಲಾದರೂ ನಿಲ್ಲಬೇಕಲ್ಲ.
ಹನ್ನೊಂದು ಪತ್ರ ಬಂದವು. ಬಾಗಲಕೋಟೆಯ ಮಾಸ್ತರರೊಬ್ಬರು
ಅಂದು ಊಟ ಸೇರಲಿಲ್ಲ ಎಂದು ಬರೆದಿದ್ದರು.
ಹಿಗ್ಗಿನಿಂದ ಎರಡು ಸಲ ಓದಿದೆ.

ಹೋದ ಶುಕ್ರವಾರ ಇದ್ರಿಸ್ ಫೋನು ಚಾಚಿದ, ನೋಡು ಎಂದ.
ಐದು ತಿಂಗಳ ಮೇಲೆ ಊರಿಂದ ಒಂದು ಫೋಟೊ.
ನೀಲಿ ಡ್ರಮ್ಮು.
ಪಕ್ಕದಲ್ಲಿ ಮುಂದಿನ ಹಲ್ಲು ಬಿದ್ದ ಹುಡುಗಿ, ನಗುತ್ತಾ.
ಬಿಂತಿ, ಎಂದ. ನನ್ನ ಮಗಳು.

ಹೊಸಮನಿಯವರೇ, ಇದು ಆ ಚೌಕಟ್ಟಿನಲ್ಲಿ ಹಿಡಿಸುವುದಿಲ್ಲ.

ಅಲ್ಪವಿರಾಮ ಗೊತ್ತಿತ್ತು ನನಗೆ.
ಪೂರ್ಣವಿರಾಮವನ್ನಂತೂ ಧಾರಾಳವಾಗಿ ಬಳಸಿದವನು,
ಒಂದೊಂದು ಚುಕ್ಕೆಗೆ ಒಬ್ಬೊಬ್ಬರು.
ಕದನವಿರಾಮಕ್ಕೆ ಯಾವ ಗುರುತು ಹಾಕುತ್ತಾರೆ
ಎಂದು ಯಾವ ಸಾಲಿಯಲ್ಲೂ ಹೇಳಿಕೊಡಲಿಲ್ಲ.

ಈಗ ಆ ಎರಡೂವರೆ ತಾಸು ಖಾಲಿ.
ಇದ್ರಿಸ್ ಫ್ಲಾಸ್ಕಿನಿಂದ ಕರ್ಕದೆ ಸುರಿಯುತ್ತಾನೆ, ಕೆಂಪಗೆ, ಹುಳಿಹುಳಿ.
ನಮ್ಮ ಪುಂಡಿಯ ಬಳಗದ ಹೂವೇ ಅದು.
ನಾವು ಸೊಪ್ಪು ತಿಂದು ಹೂವು ಬಿಟ್ಟವರು.
ಆಚೆ ಸಮುದ್ರದಲ್ಲಿ ಲಂಗರು ಹಾಕಿದ ಟ್ಯಾಂಕರುಗಳು,
ಎಣಿಸಿದೆ, ಮೂವತ್ತೆಂಟು. ಮತ್ತೆ ಎಣಿಸಿದೆ, ಮೂವತ್ತೇಳು.

ನಿನ್ನೆ ಅವನೇ ಕೇಳಿದ,
ನಿನ್ನ ಕತೆಯಲ್ಲಿ ಆ ಡ್ರಮ್ಮು ಏನಾಯಿತು?
ಇನ್ನೂ ಬರೆಯುತ್ತಿದ್ದೇನೆ, ಎಂದು ಸುಳ್ಳು ಹೇಳಿದೆ.
ತುಂಬಿಸಿಡು, ಎಂದ.
ರಾತ್ರಿಯೇ ತುಂಬಿಸಬೇಕು, ಹಗಲು ನಲ್ಲಿ ಬರುವುದಿಲ್ಲ.

ಪರಸಪ್ಪ,
ಆ ಮೂರು ಗುಟುಕು ಕುಡಿದುಬಿಡು.
ಕಾಲು ಚೂರು ಆಡಿಸು.
ಯಾರೂ ನೋಡುತ್ತಿಲ್ಲ.